‘ಪಾ-2’ ಎಂದರೆ ಎರಡನೆಯ ಪಾಠವಲ್ಲ: ವರ್ಡ್‌ಪ್ರೆಸ್ ಜೊತೆ ಒಂದು ವರ್ಷ

ಜಾಲತಾಣ ನಡೆಸುವ ತಂತ್ರಾಂಶವಾದ ಡ್ರುಪಲ್ 7ಕ್ಕೆ ಭದ್ರತಾ ಪರಿಷ್ಕರಣೆಗಳು 2025ರ ಜನವರಿ 5ಕ್ಕೆ ನಿಲ್ಲುತ್ತವೆ ಎಂದಾಗ, ಮುಂಬೈಯ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ನಾವು ನಾಲ್ವರು ನಡೆಸುವ ಪಾಠಗಳ ಜಾಲತಾಣವನ್ನು ಅದರಿಂದ ಅಂಥದ್ದೇ ಇನ್ನೊಂದು ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಸಾಗಿಸಿದೆವು. ಕೈಯಿಂದ ದುಡ್ಡು ಹಾಕಿ ನಡೆಸುವವರಿಗೆ ಉಚಿತ ತಂತ್ರಾಂಶವೇ ಗತಿ. ಬರಹ, ಚಿತ್ರ ಎಲ್ಲವೂ ಎರಡು ಭಾನುವಾರಗಳಲ್ಲಿ ಬಂದು ಸೇರಿದವು. ಕೆಟ್ಟದ್ದು ವಿಳಾಸ.

ಹಳೆಯ ತಾಣದಲ್ಲಿ ಪುಟಕ್ಕೊಂದು ಸಂಖ್ಯೆ ಇತ್ತು, ಅಷ್ಟೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ವಿಳಾಸ ಕಟ್ಟುತ್ತದೆ. ಕನ್ನಡದಲ್ಲೇ ವಿಳಾಸ ಎಂದು ಎರಡು ದಿನ ಹಿಗ್ಗಿದ್ದೇ ಬಂತು. ಒಳಗೊಳಗೆ ಅದು ಕನ್ನಡದ ಪ್ರತಿ ಅಕ್ಷರವನ್ನೂ, ಕೊಂಬು ಗುಡಿಸುಗಳನ್ನೂ ಬಿಡದೆ, ಒಂಬತ್ತೊಂಬತ್ತು ರೋಮನ್ ಚಿಹ್ನೆಗಳಾಗಿ ಬಿಡಿಸಿ ಎಣಿಸುತ್ತದೆ. ಇನ್ನೂರು ದಾಟಿದರೆ ಕತ್ತರಿ. ‘ಹತ್ತನೆಯ ತರಗತಿ ವಿಜ್ಞಾನ ಪಾಠ 1 ಗುರುತ್ವಾಕರ್ಷಣೆ’ ಎಂಬುದು ‘ಹತ್ತನೆಯ-ತರಗತಿ-ವಿಜ್ಞಾನ-ಪಾ’ ಎಂಬಲ್ಲಿಗೆ ಮುಗಿಯಿತು. ಉಳಿದ ಪಾಠಗಳೂ ಅಲ್ಲಿಗೇ ಕತ್ತರಿಸಿ ಒಂದೇ ವಿಳಾಸವಾದ್ದರಿಂದ, ಆಮದಾದ ಸರದಿಯಲ್ಲಿ ಪಾ-2, ಪಾ-3. ಪಾ-2 ಎರಡನೆಯ ಪಾಠವೇ ಇರಬೇಕೆಂದು ನಾನೇ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಮೂಲವಸ್ತುಗಳ ವರ್ಗೀಕರಣ ಓದಲು ಕುಳಿತ ಮಕ್ಕಳೆದುರು ಮಸೂರಗಳು ತೆರೆದುಕೊಂಡವು. “ಏನಮ್ಮಾ, ಇದು ಪಾಠದ ಪಾ ಅಥವಾ ಪಾಪದ ಪಾ?” ಎಂದು ಮಾಟುಂಗದ ನಮ್ಮ ನಿವೃತ್ತ ಮೇಷ್ಟರು ಫೋನ್ ಮಾಡಿದರು.

ಅಂದಿನಿಂದ ನನ್ನದೊಂದು ವ್ರತ. ಡೊಂಬಿವಲಿಯಿಂದ ಹೊರಟ ಲೋಕಲ್‌ನಲ್ಲಿ ಒಂದು ಕೈಗೆ ಹಿಡಿಕೆ ಸಿಕ್ಕರೆ ಸಾಕು, ಇನ್ನೊಂದು ಕೈ ಮೊಬೈಲಿಗೆ. ಠಾಣೆ ಬರುವುದರೊಳಗೆ ಒಂದು ಪಾಠಕ್ಕೆ ರೋಮನ್ ಲಿಪಿಯ ಗಿಡ್ಡ ವಿಳಾಸ. ಘಾಟ್‌ಕೋಪರ್ ದಾಟುವಾಗ ಹಳೆಯ ಸಂಖ್ಯೆಯಿಂದ ಅಲ್ಲಿಗೆ 301 ಮರುನಿರ್ದೇಶನ, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಾಯಂ ಕಳಿಸುವ ಏರ್ಪಾಡು. ದಾದರ್‌ನಲ್ಲಿ ಇಳಿಯುವ ಮುನ್ನ ಹಳೆಯ ಕೊಂಡಿಯನ್ನು ಒತ್ತಿ ನೋಡುತ್ತೇನೆ. ಸರಿಯಾದ ಪುಟ ತೆರೆದರೆ ಅಂದಿನ ನೂಕುನುಗ್ಗಲು ಅಷ್ಟು ನೋಯುವುದಿಲ್ಲ.

ಈ ವರ್ಡ್‌ಪ್ರೆಸ್ಸನ್ನೇ ಬಿಟ್ಟು ಹೋಗೋಣವೆಂದು ಹೊರಟವಳನ್ನು ತಡೆದದ್ದೂ ಮೇಷ್ಟರೇ. ಶಾಖದ ಪಾಠ ತಿದ್ದಲು ಕುಳಿತವರು ಅರ್ಧ ಪಾಠವನ್ನೇ ಅಳಿಸಿ, ಹಾಗೆಯೇ ಸೇವ್ ಮಾಡಿಬಿಟ್ಟಿದ್ದರು. ವರ್ಡ್‌ಪ್ರೆಸ್ ಪ್ರತಿ ತಿದ್ದುಪಡಿಯ ಹಿಂದಿನ ರೂಪವನ್ನು ತಾನಾಗಿಯೇ ಎತ್ತಿಟ್ಟಿರುತ್ತದೆ. ಜಾರುಪಟ್ಟಿಯನ್ನು ಹಿಂದಕ್ಕೆ ಎಳೆದೆ, ಪಾಠ ಮರಳಿತು. ಡ್ರುಪಲ್‌ನಲ್ಲೂ ಈ ಸೌಲಭ್ಯವಿತ್ತು, ನಾವು ಚಾಲೂ ಮಾಡಿರಲೇ ಇಲ್ಲ! ಈಗ ಮೇಷ್ಟರು ಅಂಜದೆ ತಿದ್ದುತ್ತಾರೆ, ವಾರಕ್ಕೆ ಎರಡು ಪಾಠ.

ನಾಳೆಯಿಂದ ಒಂಬತ್ತನೆಯ ತರಗತಿ. ಅದರ ಹೆಸರು ಇನ್ನೂ ಉದ್ದ, ‘ಪಾ’ ಕೂಡ ಉಳಿದಿಲ್ಲ.