ಬನಿಯನ್ ಸ್ಪ್ಲಿಂಟ್: ಕೊಳ್ಳುವ ಮುನ್ನ ಮೂಳೆಯ ಲೆಕ್ಕ

ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿ ಬುಡದಲ್ಲಿ ಗಂಟು (ಇಂಗ್ಲಿಷ್‌ನಲ್ಲಿ ಬನಿಯನ್, bunion) ಎದ್ದವರು ಮೊದಲು ಕೊಳ್ಳುವುದು ಎರಡು: ಬೆರಳ ಸಂದಿಗೆ ಸಿಲಿಕಾನ್ ಸ್ಪೇಸರ್, ರಾತ್ರಿಗೆ ಪಟ್ಟಿ ಬಿಗಿದು ಬೆರಳನ್ನು ಎಳೆದು ಹಿಡಿಯುವ ಸ್ಪ್ಲಿಂಟ್. ಎರಡೂ ನೋವಿಗೆ ಪರವಾಗಿಲ್ಲ. ಡಬ್ಬಿಯ ಮೇಲಿನ ‘ಬೆರಳು ನೇರವಾಗುತ್ತದೆ’ ಎಂಬ ಮಾತನ್ನು ಮಾತ್ರ ನಂಬಬೇಡಿ.

ಆ ಗಂಟು ಬಹುಪಾಲು ಹೊಸದಾಗಿ ಬೆಳೆದ ಮೂಳೆಯಲ್ಲ. ಮೊದಲ ಮೆಟಾಟಾರ್ಸಲ್, ಅಂದರೆ ಹೆಬ್ಬೆರಳ ಹಿಂದೆ ಪಾದದೊಳಗಿರುವ ಉದ್ದ ಮೂಳೆ, ಇನ್ನೊಂದು ಪಾದದತ್ತ ಸರಿದು, ಅದರ ತಲೆಯೇ (ಮುಂತುದಿ) ಚರ್ಮದಡಿ ಉಬ್ಬಿರುತ್ತದೆ. ನಿಂತು ತೆಗೆಸಿದ ಎಕ್ಸ್-ರೇಯಲ್ಲಿ ಮೊದಲ ಮತ್ತು ಎರಡನೆಯ ಮೆಟಾಟಾರ್ಸಲ್‌ಗಳ ನಡುವಿನ ಕೋನ ಸಹಜ ಪಾದದಲ್ಲಿ 9 ಡಿಗ್ರಿಯೊಳಗೆ, ಹೆಬ್ಬೆರಳ ವಾಲಿಕೆ 15ರೊಳಗೆ ಇರುತ್ತದೆ. ಸ್ಪ್ಲಿಂಟ್ ಎಳೆಯುವುದು ಬೆರಳನ್ನು. ಹಿಂದಿನ ಮೂಳೆ ಸರಿದ ಜಾಗದಲ್ಲೇ ಇರುತ್ತದೆ. ಹಾಗಾಗಿ ಬಿಚ್ಚಿದ ಮೇಲೆ ಬೆರಳು ಮತ್ತೆ ವಾಲುತ್ತದೆ. ಮೆಟಾಟಾರ್ಸಲ್ ತಲೆ ಗುಂಡಗಿರುವ ಪಾದಗಳಲ್ಲಿ ಈ ವಾಲಿಕೆ ಹೆಚ್ಚು. ತಲೆ ಚಪ್ಪಟೆಯಾಗಿದ್ದರೆ ಕೀಲು ಅಷ್ಟು ಸಲೀಸಾಗಿ ಜಾರದು. ಪಟ್ಟಿ ಎಷ್ಟು ಬಿಗಿದರೂ ಗುಂಡು ತಲೆ ಚಪ್ಪಟೆಯಾಗದು.

ಸ್ಪ್ಲಿಂಟ್‌ನಲ್ಲಿ ಮಡಚುವ ಕೀಲು (hinge) ಇರುವ ಮಾದರಿಯೇ ವಾಸಿ, ಆದರೆ ಆ ಕೀಲು ನಿಮ್ಮ ಹೆಬ್ಬೆರಳ ಬುಡದ ಕೀಲಿಗೆ ಸರಿಯಾಗಿ ಎದುರು ಕೂರಬೇಕು. ಮುಂದೆ ಸರಿದರೆ ಒತ್ತಡವೆಲ್ಲ ಬೆರಳ ಮಧ್ಯಕ್ಕೆ ಬೀಳುತ್ತದೆ. ಮೊದಲು ಪಾದದ ನಡುಪಟ್ಟಿ, ಆಮೇಲೆ ಬೆರಳ ಪಟ್ಟಿ. ಕ್ರಮ ತಪ್ಪಿದರೆ ಇಡೀ ಸ್ಪ್ಲಿಂಟ್ ಮುಂದಕ್ಕೆ ಜಾರುತ್ತದೆ. ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ ಸಡಿಲಿಸಿ. ಆರಂಭಕ್ಕೆ ಅರ್ಧ ಗಂಟೆ ಸಾಕು. ಇದನ್ನು ಹಾಕಿಕೊಂಡು ನಡೆಯುವಂತಿಲ್ಲ.

ಸ್ಪೇಸರ್ ಕೊಳ್ಳುವಾಗ ಜನ ಎಡವುವುದು ದಪ್ಪದಲ್ಲಿ. ದಪ್ಪನೆಯದು ಹೆಬ್ಬೆರಳನ್ನು ತಳ್ಳುವ ಬದಲು, ಸಡಿಲವಾಗಿರುವ ಎರಡನೆಯ ಬೆರಳನ್ನೇ ಮೂರನೆಯದರ ಮೇಲೆ ಒರಗಿಸುತ್ತದೆ. ಅತಿ ತೆಳುವಾದದ್ದರಿಂದ ಶುರು ಮಾಡಿ. ದಿನವೂ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸದಿದ್ದರೆ ಸಂದಿ ಬೆಳ್ಳಗೆ ನೆನೆದು ಚರ್ಮ ಕಿತ್ತುಬರುತ್ತದೆ.

ಮಧುಮೇಹದಿಂದ ಪಾದ ಜೋಮು ಹಿಡಿದವರಿಗೆ ಎರಡೂ ಬೇಡ, ಗಾಯವಾದರೂ ತಿಳಿಯದು. ಹೆಬ್ಬೆರಳ ಕೀಲು ಮೇಲೆ ಕೆಳಗೆ ಆಡದಷ್ಟು ಬಿಗಿದವರಿಗೆ ಸ್ಪ್ಲಿಂಟ್ ನೋವನ್ನೇ ಹೆಚ್ಚಿಸಬಹುದು. ಇನ್ನು ಶೂ ಮೂತಿ ಇಕ್ಕಟ್ಟಾಗಿದ್ದರೆ ಸ್ಪೇಸರ್ ಹಾಕಿದಷ್ಟೂ ಗಂಟು ಉಜ್ಜುತ್ತದೆ. ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಶೂವಿನ ಒಳಹಾಸು ತೆಗೆದು ಅದರ ಮೇಲಿಡಿ. ಗೆರೆ ಒಳಹಾಸಿನಾಚೆ ಕಂಡರೆ ಮೊದಲು ಬದಲಿಸಬೇಕಾದ್ದು ಶೂ.