ಮೈಸೂರಿನಿಂದ ದೇವನಹಳ್ಳಿಗೆ ಫ್ಲೈಬಸ್: ಐದು ವರ್ಷ ಓಡಾಡಿದ ಮೇಲೆ

ನಾನಿರುವುದು ಮೈಸೂರಿನಲ್ಲಿ, ಕೆಲಸ ದೆಹಲಿ ಮತ್ತು ಪುಣೆ ಕಡೆ. ತಿಂಗಳಿಗೆ ಎರಡು ಸಲವಾದರೂ ವಿಮಾನ ಹತ್ತಲೇಬೇಕು. ನಮ್ಮ ಮಂಡಕಳ್ಳಿಯಲ್ಲಿ ಏರ್‌ಪೋರ್ಟ್ ಇದೆ ನಿಜ, ಆದರೆ ಅಲ್ಲಿಂದ ಹಾರುವ ವಿಮಾನಗಳು ಬೆರಳೆಣಿಕೆಯಷ್ಟು. ಹಾಗಾಗಿ ದೇವನಹಳ್ಳಿಯೇ ಗತಿ. ಅಲ್ಲಿಗೆ ಹೋಗಲು ಈ ಐದು ವರ್ಷದಲ್ಲಿ ಕಾರು, ರೈಲು, ಕ್ಯಾಬು ಎಲ್ಲಾ ನೋಡಿ ಆಯಿತು. ಕೊನೆಗೆ ಉಳಿದದ್ದು ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಒಂದೇ. ಅದನ್ನೇ ಎಲ್ಲರಿಗೂ ಹೇಳುತ್ತೇನೆ.

ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಹತ್ತಿದರೆ ಸೀದಾ ಟರ್ಮಿನಲ್ ಹತ್ತಿರ ಇಳಿಯಬಹುದು. ಮೆಜೆಸ್ಟಿಕ್‌ನಲ್ಲಿ ಇಳಿದು, ಸೂಟ್‌ಕೇಸ್ ಎಳೆದುಕೊಂಡು ಹೋಗಿ ಏರ್‌ಪೋರ್ಟಿನ ವಾಯುವಜ್ರ ಬಸ್ ಹಿಡಿಯುವ ಕೆಲಸ ಇಲ್ಲ. ವೋಲ್ವೋ ಗಾಡಿ, ಸೀಟು ಚೆನ್ನಾಗಿ ಹಿಂದಕ್ಕೆ ಬಾಗುತ್ತದೆ, ದೊಡ್ಡ ಸಾಮಾನು ಕೆಳಗಿನ ಡಿಕ್ಕಿಗೆ ಹೋಗುತ್ತದೆ. ರಾತ್ರಿ ಹೊತ್ತಿನಲ್ಲೂ ಬಸ್ಸುಗಳಿವೆ. ಒಬ್ಬರೇ ಕ್ಯಾಬ್ ಮಾಡಿಕೊಂಡು ಹೋಗುವುದಕ್ಕೆ ಹೋಲಿಸಿದರೆ ದುಡ್ಡು ಎಷ್ಟೋ ಕಡಿಮೆ.

ಕ್ಯಾಬ್ ಬಿಡೋದಕ್ಕೆ ಕಾರಣ ಒಂದೇ ಒಂದು ರಾತ್ರಿ. ಒಂದೂವರೆಗೆ ಬರಬೇಕಿದ್ದ ಕಾರು ಒಂದೂ ಮುಕ್ಕಾಲಿಗೆ ಕ್ಯಾನ್ಸಲ್ ಆಯಿತು, ಫೋನ್ ಮಾಡಿದರೆ ಸ್ವಿಚ್ ಆಫ್, ಗೇಟಿನ ಹತ್ತಿರ ಸೂಟ್‌ಕೇಸ್ ಇಟ್ಟುಕೊಂಡು ನಾನೂ ನನ್ನ ಗಂಡನೂ ನಿಂತಿದ್ದೆವು, ಪಕ್ಕದ ಮನೆಯವರು ಎದ್ದು ಬಂದು ಅವರ ಕಾರಿನಲ್ಲಿ ಬಿಟ್ಟುಬರುತ್ತೇವೆ ಎಂದರು. ಅವತ್ತು ಅವರು ಮಾಡಿದ ಉಪಕಾರ ಮರೆಯುವಂಥದ್ದಲ್ಲ. ಇನ್ನೊಬ್ಬರ ನಿದ್ದೆ ಕೆಡಿಸಿ ವಿಮಾನ ಹಿಡಿಯಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಬಸ್ಸಿನ ಬಗ್ಗೆ ನಾನು ಕಲಿತ ದೊಡ್ಡ ಪಾಠ ಸಮಯದ್ದು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಕೆಂಗೇರಿವರೆಗೆ ಸಲೀಸು. ಕಷ್ಟ ಇರುವುದೆಲ್ಲಾ ಬೆಂಗಳೂರು ಒಳಗೆ. ರಾತ್ರಿ ನಾಲ್ಕು ಗಂಟೆಯೊಳಗೆ ಮುಗಿಯುವ ದಾರಿ ಬೆಳಗ್ಗೆ ಒಂಬತ್ತಕ್ಕೋ ಸಂಜೆ ಆರಕ್ಕೋ ಹೆಬ್ಬಾಳದ ಹತ್ತಿರ ಸಿಕ್ಕಿಕೊಂಡರೆ ಐದು ಗಂಟೆಯೂ ಆಗುತ್ತದೆ. ದೇಶದೊಳಗಿನ ವಿಮಾನಕ್ಕೆ ಬ್ಯಾಗ್ ಹಾಕುವ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ. ಆದ್ದರಿಂದ ವಿಮಾನಕ್ಕೆ ಮೂರು ಗಂಟೆ ಮೊದಲು ತಲುಪಿಸುವ ಬಸ್ ಯಾವುದು ಅಂತ ನೋಡಿಕೊಳ್ಳುತ್ತೇನೆ. ನೋಡಿಕೊಂಡು, ಅದರ ಹಿಂದಿನ ಬಸ್ಸಿಗೆ ಟಿಕೆಟ್ ಮಾಡುತ್ತೇನೆ. ಬೇಗ ತಲುಪಿದರೆ ನಷ್ಟ ಏನಿಲ್ಲ. ಎರಡನೇ ಟರ್ಮಿನಲ್ಲಿನ ಬಿದಿರಿನ ಚಾವಣಿ ಕೆಳಗೆ, ತೂಗುಬಿಟ್ಟ ಗಿಡಗಳ ನಡುವೆ ಕೂತು ಕಾಫಿ ಕುಡಿಯಬಹುದು, ಅಷ್ಟೇ ಅಲ್ವಾ. ಟಿಕೆಟ್‌ನಲ್ಲಿ ಟರ್ಮಿನಲ್ ಒಂದೋ ಎರಡೋ ಅಂತ ಬಸ್ಸಿನಲ್ಲೇ ನೋಡಿಕೊಂಡು ಇಳಿಯಿರಿ.

ಬಸ್ಸಿನ ಸಮಯ ವ್ಯರ್ಥ ಅಲ್ಲ. ಡಿಜಿಯಾತ್ರಾ ಆ್ಯಪ್‌ಗೆ ಬೋರ್ಡಿಂಗ್ ಪಾಸ್ ಹಾಕುವ ಕೆಲಸ ನಾನು ಮಂಡ್ಯ ದಾಟುವುದರೊಳಗೆ ಮುಗಿಸುತ್ತೇನೆ. 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಶುರುವಾದ ವ್ಯವಸ್ಥೆ ಇದು. ಗೇಟಿನಲ್ಲಿ ಮುಖ ತೋರಿಸಿದರೆ ಬಾಗಿಲು ತೆರೆಯುತ್ತದೆ. ನಮ್ಮವರು ಇಲ್ಲೊಂದು ವಿಷಯ ಗಮನಿಸಬೇಕು. ನಮ್ಮ ಹೆಸರಿನಲ್ಲಿ ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಬರೀ ಅಕ್ಷರ, ಟಿಕೆಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಹೀಗಿದ್ದಾಗ ನನ್ನ ಬೋರ್ಡಿಂಗ್ ಪಾಸನ್ನು ಆ್ಯಪ್ ಒಪ್ಪಲೇ ಇಲ್ಲ. ಈಗ ಆಧಾರ್‌ನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ ಟಿಕೆಟ್ ಮಾಡುತ್ತೇನೆ. ಆಮೇಲೆ ತೊಂದರೆ ಆಗಿಲ್ಲ.

ಸಾಮಾನಿನ ವಿಷಯಕ್ಕೆ ಬಂದರೆ, ಅಮ್ಮಂದಿರು ಕಟ್ಟಿಕೊಡುವ ಗಂಟನ್ನು ಮನೆಯಲ್ಲೇ ಒಮ್ಮೆ ಬಿಚ್ಚಿ ನೋಡಿ. ಪುಣೆಯಲ್ಲಿರುವ ತಂಗಿಗೆ ಅಂತ ಅಮ್ಮ ನಾಲ್ಕು ಕೊಬ್ಬರಿ ಗಿಟುಕನ್ನು ಹಳೇ ಸೀರೆ ತುಂಡಿನಲ್ಲಿ ಸುತ್ತಿ ಸೂಟ್‌ಕೇಸಿನ ಮೂಲೆಗೆ ಇಟ್ಟಿದ್ದರು. ಬ್ಯಾಗ್ ಎಕ್ಸ್‌ರೇಗೆ ಹೋದ ಮೇಲೆ ನನ್ನನ್ನು ಕರೆದರು. ಎಲ್ಲಾ ಬಿಚ್ಚಿಸಿದರು. ಒಣಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಅದಕ್ಕೇ ಬಿಡುವುದಿಲ್ಲ. ಆ ಗಿಟುಕುಗಳನ್ನು ಅಲ್ಲೇ ಬುಟ್ಟಿಗೆ ಹಾಕುವಾಗ ನನಗೆ ನಿಜವಾಗಲೂ ಕಣ್ಣು ತುಂಬಿ ಬಂತು. ಅಮ್ಮ ಬಿಸಿಲಿಗೆ ಹಾಕಿ, ಒರೆಸಿ, ಆರಿಸಿ ಇಟ್ಟಿದ್ದು ಅವು. ಸಾರಿನ ಪುಡಿ, ಹುಣಸೆಹಣ್ಣು, ಹಪ್ಪಳ ಚೆಕ್‌ಇನ್ ಬ್ಯಾಗಿನಲ್ಲಿ ಹಾಕಿ, ತೊಂದರೆ ಇಲ್ಲ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು, ಬೆಲ್ಟ್ ಮೇಲೆ ಹೋಗುವ ಬ್ಯಾಗಿನಲ್ಲಿ ಕೂಡದು.

ಬ್ಯಾಗ್ ಹಾಕುವ ಮುಂಚೆ ಮೊಬೈಲಿನಲ್ಲಿ ನಾಲ್ಕೂ ಕಡೆ ಫೋಟೋ ತೆಗೆದಿಡಿ. ಒಂದು ಸಲ ವಾಪಸ್ ಬರುವಾಗ ನನ್ನ ಸೂಟ್‌ಕೇಸಿನ ಒಂದು ಚಕ್ರ ಕಿತ್ತುಹೋಗಿತ್ತು. ಬಸ್ ತಪ್ಪುತ್ತದೆ ಅನ್ನುವ ಗಡಿಬಿಡಿಯಲ್ಲಿ ಹೊರಗೆ ಬಂದುಬಿಟ್ಟೆ. ಮಾರನೇ ದಿನ ದೂರು ಕೊಟ್ಟರೆ, ಹಾಲ್ ಬಿಡುವ ಮೊದಲೇ ಹೇಳಬೇಕಿತ್ತು ಎಂದರು. ಬ್ಯಾಗ್ ಬರದಿದ್ದರೂ, ಹಾಳಾಗಿ ಬಂದರೂ, ಬೆಲ್ಟ್ ಹತ್ತಿರದ ಕೌಂಟರ್‌ನಲ್ಲಿ ದೂರು ಬರೆಸಿ, ಪಿಐಆರ್ ಅನ್ನುವ ಆ ಕಾಗದ ಕೈಗೆ ಬಂದ ಮೇಲೆಯೇ ಹೊರಡಿ.

ಆ ಗಡಿಬಿಡಿಗೆ ಕಾರಣ ನಾನು ವಾಪಸ್ ಬಸ್ಸಿನ ಟಿಕೆಟನ್ನು ತೀರಾ ಹತ್ತಿರಕ್ಕೆ ಮಾಡಿಕೊಂಡಿದ್ದು. ವಿಮಾನ ಇಳಿದ ಮೇಲೆ ನಡೆದು ಬರುವುದಕ್ಕೆ, ಬ್ಯಾಗ್ ಬರುವುದಕ್ಕೆ ಸುಮ್ನೆ ಮುಕ್ಕಾಲು ಗಂಟೆ ಹೋಗುತ್ತದೆ. ಈಗ ಇಳಿಯುವ ಸಮಯಕ್ಕೆ ಒಂದೂವರೆ ಗಂಟೆ ಸೇರಿಸಿ ಬಸ್ ಬುಕ್ ಮಾಡುತ್ತೇನೆ. ಡಿಸೆಂಬರ್, ಜನವರಿಯಲ್ಲಿ ದೆಹಲಿಯಿಂದ ಬರುವುದಿದ್ದರೆ ಮೊದಲೇ ಬುಕ್ ಮಾಡುವುದೇ ಇಲ್ಲ, ಮಂಜಿನ ಕಾಲ, ಇಳಿದ ಮೇಲೆ ನೋಡಿಕೊಂಡರಾಯಿತು. ತಡವಾದಾಗ ಕೇಳಲು ನಮಗೆ ಹಕ್ಕಿದೆ. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ನಿಯಮದ ಪ್ರಕಾರ ಎರಡೂವರೆ ಗಂಟೆಯೊಳಗಿನ ಪ್ರಯಾಣ ಎರಡು ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯದು ಮೂರು ಗಂಟೆ ತಡವಾದರೆ, ಊಟ ತಿಂಡಿ ಕೊಡಬೇಕು. ಆರು ಗಂಟೆ ಮೀರುವುದಾದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸ್. ಕೌಂಟರ್‌ಗೆ ಹೋಗಿ ಕೇಳಿ. ಮಂಜಿನಿಂದ ಸಿಕ್ಕಿಕೊಂಡ ಒಂದು ರಾತ್ರಿ ನಾನು ಕೇಳಿದ ಮೇಲೆಯೇ ಕೂಪನ್ ಬಂತು, ಪಕ್ಕದಲ್ಲಿ ಕೂತಿದ್ದ ವಯಸ್ಸಾದ ದಂಪತಿಗೂ ಕೊಡಿಸಿದೆ.

ಬಸ್ಸಿನಲ್ಲಿ ಎಸಿ ಜೋರಾಗಿರುತ್ತದೆ, ಒಂದು ಶಾಲು ಇಟ್ಟುಕೊಳ್ಳಿ. ಕತ್ತಿಗೆ ದಿಂಬು ಕೊಳ್ಳುವ ಬದಲು ಅದೇ ಶಾಲನ್ನು ಸುತ್ತಿ ಇಟ್ಟುಕೊಂಡರೆ ಸಾಕು, ವಾಪಸ್ ಬರುವಾಗ ನನಗೆ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಎಚ್ಚರವಾಗುವುದು ಹಾಗೆಯೇ.