ಮಗಳ ಬ್ಯಾಟರಿ ಜೀಪಿಗೆ ಸ್ಪೀಡ್ ಹೆಚ್ಚಿಸಿದ್ದು: 24 ವೋಲ್ಟ್ ಬೇಡ, ಒಳ್ಳೆಯ ಬ್ಯಾಟರಿ ಸಾಕು

ಬೆಂಗಳೂರಿನ ಎಸ್‌.ಪಿ. ರೋಡಿನ ಒಂದು ಸಣ್ಣ ಅಂಗಡಿಯಲ್ಲಿ ಮಗಳ ಜೀಪಿಗೆ ಕೆಲಸ ಮಾಡಿಸಿದೆ. ಮಕ್ಕಳು ಕೂತು ಓಡಿಸುವ 12 ವೋಲ್ಟಿನ ಪ್ಲಾಸ್ಟಿಕ್ ಜೀಪ್, ಎರಡು ಮೋಟಾರ್, ಅಪ್ಪ ಅಮ್ಮನ ಕೈಗೊಂದು ರಿಮೋಟ್. ಹಾಕಿಸಿದ್ದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅದರದ್ದೇ ಚಾರ್ಜರ್, ಹೊಸ ಫ್ಯೂಸ್. ಎಲ್ಲಾ ಸೇರಿ 3,600 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಇನ್ನೊಬ್ಬರಿಗೂ ಧೈರ್ಯವಾಗಿ ಹೇಳ್ತೀನಿ.

ಜೀಪ್ ಯಾಕೆ ನಿಧಾನ ಅಂತ ಮೊದಲು ನೋಡಬೇಕು. ನಮ್ಮದರ ಒಳಗೆ ಇದ್ದದ್ದು ಯುಪಿಎಸ್‌ನಲ್ಲಿ ಇರುತ್ತಲ್ಲ, ಅಂಥದ್ದೇ ಸೀಸದ ಬ್ಯಾಟರಿ, 12 ವೋಲ್ಟ್ 7 ಆಂಪಿಯರ್ ಅವರ್. ಅದನ್ನು ಖಾಲಿ ಮಾಡಿ ಹಾಗೇ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿಕೊಂಡು ಶಕ್ತಿ ಹೋಗುತ್ತದೆ. ಮಕ್ಕಳ ಆಟದ ಸಾಮಾನಿಗೆ ಆಗುವುದೇ ಅದು. ಪರೀಕ್ಷೆ ಇದ್ದಾಗ, ಊರಿಗೆ ಹೋದಾಗ, ಮಳೆಗಾಲದಲ್ಲಿ ಮೂಲೆ ಸೇರುತ್ತದೆ, ಚಾರ್ಜ್ ಮಾಡುವವರು ಯಾರೂ ಇಲ್ಲ. ಸುಮ್ನೆ ಮೀಟರ್ ಹಿಡಿದರೆ 12.5 ತೋರಿಸಿದ ನಮ್ಮ ಬ್ಯಾಟರಿ, ಮಗಳು ಕೂತು ಪೆಡಲ್ ಒತ್ತಿದ ಕೂಡಲೇ 9ಕ್ಕೆ ಇಳಿಯುತ್ತಿತ್ತು. ಈ ಮೋಟಾರಿಗೆ ವೋಲ್ಟೇಜ್ ಎಷ್ಟೋ ಸ್ಪೀಡ್ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಹೊಸ ಶಕ್ತಿ ಹಾಕುವ ಮೊದಲು ಕಳೆದುಹೋದದ್ದನ್ನು ವಾಪಸ್ ತರಬೇಕು.

ಅಂಗಡಿಗೆ ಹೋದಾಗ ನಾನು ಕೇಳಿದ್ದು ಡ್ರಿಲ್ ಮಷಿನ್ನಿನ 18 ವೋಲ್ಟ್ ಬ್ಯಾಟರಿ ಕೂರಿಸೋಕೆ ಆಗುತ್ತಾ ಅಂತ. ತುಂಬಾ ಜನ ಅದನ್ನೇ ಮಾಡುತ್ತಾರೆ. ಅಂಗಡಿಯವರು ಮಾತಾಡದೆ ನಾನು ಜೀಪಿನಿಂದ ಬಿಚ್ಚಿ ತಂದಿದ್ದ ಸರ್ಕ್ಯೂಟ್ ಬೋರ್ಡನ್ನು ಲೈಟಿನ ಕೆಳಗೆ ಹಿಡಿದರು. ಮೋಟಾರಿನ ಕರೆಂಟಿಗೆ ಸ್ವಿಚ್‌ನಂತೆ ಕೆಲಸ ಮಾಡುವ ರಿಲೇಗಳ ಪಕ್ಕದಲ್ಲಿ ಕಪ್ಪು ಕೆಪ್ಯಾಸಿಟರ್, ಅದರ ಮೈಮೇಲೆ ಬಿಳಿ ಅಕ್ಷರದಲ್ಲಿ 16 ವಿ. "ನೋಡಿ ಸಾರ್, ಇದು ತಡೆಯೋದೇ 16. ಡ್ರಿಲ್ ಬ್ಯಾಟರಿ ಫುಲ್ ಚಾರ್ಜ್ ಆದ್ರೆ 20 ದಾಟುತ್ತೆ. ಒಂದಲ್ಲ ಒಂದು ದಿನ ಸಿಡಿಯುತ್ತೆ." ಜಾಸ್ತಿ ದುಡ್ಡಿನ ಕೆಲಸ ಬರುತ್ತಿದ್ದರೂ ಬೇಡ ಅಂದರು ನೋಡಿ, ನನಗೆ ಅಲ್ಲೇ ನಂಬಿಕೆ ಬಂತು. ಅವರು ಕೊಟ್ಟ ಬ್ಯಾಟರಿಯಲ್ಲಿ 3.2 ವೋಲ್ಟಿನ ನಾಲ್ಕು ಸೆಲ್ ಇವೆ, 12.8 ಆಯಿತು. ಪೂರ್ತಿ ಚಾರ್ಜ್ ಮಾಡುವಾಗಲೂ 14.6 ದಾಟಲ್ಲ. ಬೋರ್ಡಿಗೆ ತೊಂದರೆ ಇಲ್ಲ.

ಇಲ್ಲಿ ಒಂದು ವಿಷಯ ಕೇಳಿಯೇ ತಗೊಳ್ಳಿ. ಪ್ಯಾಕಿನ ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಸಣ್ಣ ಬೋರ್ಡ್, ಎಷ್ಟು ಆಂಪಿಯರಿನದು? 10ರದ್ದಾದರೆ ಏರು ಹತ್ತುವಾಗ ಎರಡು ಮೋಟಾರ್ ಸೇರಿ ಎಳೆಯುವ ಕರೆಂಟಿಗೆ ಅದು ಕಟ್ ಆಗಿ ಜೀಪ್ ನಡುದಾರಿಯಲ್ಲಿ ನಿಲ್ಲುತ್ತದೆ. ನಮಗೆ 30ರದ್ದು ಸಿಕ್ಕಿತು. ಅಷ್ಟು ಕೊಡುವ ಬ್ಯಾಟರಿ ಶಾರ್ಟ್ ಆದರೆ ವೈರ್ ಬೇಯುವುದಕ್ಕೆ ಜಾಸ್ತಿ ಹೊತ್ತು ಬೇಡ. ಹಾಗಾಗಿ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಪದೇ ಪದೇ ಹೋಗುತ್ತೆ ಅಂತ ಫ್ಯೂಸ್ ಜಾಗದಲ್ಲಿ ತಂತಿ ಸುತ್ತುವವರನ್ನು ನೋಡಿದ್ದೀನಿ, ದಯವಿಟ್ಟು ಹಾಗೆ ಮಾಡಬೇಡಿ. 1998ರಲ್ಲಿ ಅಮೆರಿಕದಲ್ಲಿ ಪವರ್ ವೀಲ್ಸ್ ಅನ್ನೋ ಬ್ರಾಂಡಿನ, ಮಕ್ಕಳು ಕೂತು ಓಡಿಸುವ ಬ್ಯಾಟರಿ ಕಾರುಗಳನ್ನು ವೈರಿಂಗ್ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಭಯಕ್ಕೆ ರಿಪೇರಿಗೆ ವಾಪಸ್ ಕರೆಸಿದ್ದರು, ಒಂದು ಕೋಟಿಯಷ್ಟು ಗಾಡಿಗಳಿಗೆ ಸಂಬಂಧಿಸಿದ ವಿಷಯ ಅದು.

ಈಗ ಸ್ಪೀಡ್. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ 20 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಹಳೇ ಬ್ಯಾಟರಿಯಲ್ಲಿ ಅದನ್ನು ದಾಟೋಕೆ 23 ಸೆಕೆಂಡ್, ಹೊಸದರಲ್ಲಿ 16. ಗಂಟೆಗೆ 3 ಚಿಲ್ಲರೆ ಕಿಲೋಮೀಟರ್ ಇದ್ದದ್ದು ನಾಲ್ಕೂವರೆ ಆಯಿತು. ಕಾಗದದ ಮೇಲೆ ಕಡಿಮೆ ಅನ್ನಿಸಬಹುದು, ನಾಲ್ಕು ವರ್ಷದ ಮಗುವಿಗೆ ಅದು ಹಬ್ಬ. ಬೇಸ್‌ಮೆಂಟಿನ ರ‍್ಯಾಂಪ್ ಹತ್ತೋಕೆ ಹಿಂದೆ ನಾನು ತಳ್ಳಬೇಕಿತ್ತು, ಈಗ ಅವಳೇ ಹತ್ತಿಸಿಕೊಂಡು ಹೋಗ್ತಾಳೆ, ನಾನು ಪಕ್ಕದಲ್ಲಿ ರಿಮೋಟ್ ಹಿಡಿದು ಬಿರುಸಾಗಿ ನಡೆದರೆ ಸಾಕು. ನನ್ನ ಲೆಕ್ಕದಲ್ಲಿ ಮಿತಿ ಅದೇ. ಅಪ್ಪ ಓಡಿ ಹಿಡಿಯೋಕೆ ಆಗದಷ್ಟು ಸ್ಪೀಡ್ ಈ ವಯಸ್ಸಿಗೆ ಬೇಡವೇ ಬೇಡ.

24 ವೋಲ್ಟಿನ ಕಿಟ್ ಕೂಡ ಸಿಗುತ್ತದೆ, ಹಳೇ ಬೋರ್ಡಿನ ಬದಲು ಮೋಟಾರ್ ನಡೆಸುವ ಕಂಟ್ರೋಲರ್ ಸಮೇತ. ಅಂಗಡಿಯಲ್ಲಿ ಬೇರೆ ಯಾರದ್ದೋ ಆಟದ ಕಾರಿಗೆ ಅಂಥದ್ದನ್ನು ಹಾಕಿ ಬೆಂಚಿನ ಮೇಲೆ ಇಟ್ಟಿದ್ದರು, ಹಿಂದಿನ ಚಕ್ರ ಗಾಳಿಯಲ್ಲಿ. ಪೆಡಲ್ ಒತ್ತಿ ಬಿಟ್ಟರು. ಚಕ್ರ ತಿರುಗುತ್ತಲೇ ಇತ್ತು, ಆಮೇಲೆ ನಿಧಾನಕ್ಕೆ ನಿಂತಿತು. ಮನೆಗೆ ಬಂದು ನಮ್ಮ ಜೀಪನ್ನು ಇಟ್ಟಿಗೆ ಮೇಲೆ ಕೂರಿಸಿ ಅದೇ ಪರೀಕ್ಷೆ ಮಾಡಿದೆ. ಕಾಲು ತೆಗೆದ ಕೂಡಲೇ ಟಕ್ ಅಂತ ನಿಂತಿತು. ಈ ಗಾಡಿಗಳಿಗೆ ಬೇರೆ ಬ್ರೇಕೇ ಇಲ್ಲ. ಪೆಡಲ್ ಬಿಟ್ಟಾಗ ರಿಲೇ ಮೋಟಾರಿನ ಎರಡು ವೈರನ್ನು ಒಂದಕ್ಕೊಂದು ಸೇರಿಸುತ್ತದೆ, ಮೋಟಾರೇ ಜನರೇಟರ್ ಆಗಿ ಚಕ್ರವನ್ನು ಹಿಡಿಯುತ್ತದೆ. ಸೈಕಲ್ ಡೈನಮೋ ಟೈರಿಗೆ ಒತ್ತಿದಾಗ ಪೆಡಲ್ ಭಾರ ಆಗುತ್ತಲ್ಲ, ಹಾಗೆ. ಹಳೇ ಬೋರ್ಡ್ ತೆಗೆದು ಬ್ರೇಕ್ ಸೌಲಭ್ಯ ಇಲ್ಲದ ಕಂಟ್ರೋಲರ್ ಹಾಕಿದರೆ ಇದು ಹೋಯಿತು. ಅಲ್ಲಿಗೆ ಸ್ಪೀಡ್ ಎರಡು ಪಟ್ಟು, ಗಾಡಿ ಹೊತ್ತ ಚಲನೆಯ ಶಕ್ತಿ ನಾಲ್ಕು ಪಟ್ಟು, ನಿಲ್ಲಿಸುವುದು ಮಾತ್ರ ದೇವರ ಮೇಲೆ ಭಾರ! ಎಷ್ಟು ಓಡುತ್ತೆ ಅಂತ ಎಲ್ಲರೂ ಕೇಳ್ತಾರೆ, ಎಲ್ಲಿ ನಿಲ್ಲುತ್ತೆ ಅಂತ ಯಾರೂ ಕೇಳಲ್ಲ. ನೀವು ಕೇಳಿ. ಚಕ್ರ ಎತ್ತಿಸಿ ನೋಡದೆ ದುಡ್ಡು ಕೊಡಬೇಡಿ.

ಗೇರ್ ವಿಷಯವೂ ಇದೆ. ಅಂಗಡಿಯಲ್ಲಿ ಒಂದು ಡಬ್ಬಿ ತುಂಬ ಸತ್ತ ನೈಲಾನ್ ಗೇರುಗಳಿದ್ದವು, ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದು ಕಡೆ ಹಲ್ಲು ಚೂಪಾಗಿ ಹೊಸದರಂತೆ ಇವೆ, ಇನ್ನೊಂದು ಕಡೆ ಕರಗಿ ನುಣ್ಣಗೆ ಆಗಿವೆ. ವೋಲ್ಟೇಜ್ ಏರಿಸಿ ಒಮ್ಮೆಲೇ ಎಳೆದರೆ ಹೀಗಾಗುತ್ತದೆ. ಚಕ್ರಕ್ಕೆ ಪಂಕ್ಚರ್ ಅಂಗಡಿಯಿಂದ ಹಳೇ ಟ್ಯೂಬ್ ತಂದು ಪಟ್ಟಿ ಕಟ್ಟಿದ್ದೀನಿ, ಟೈಲ್ಸ್ ಮೇಲೆ ಜಾರೋದು ನಿಂತಿದೆ, ಕರಕರ ಸದ್ದೂ ಕಡಿಮೆ. ಆದರೆ ಜಾರುವ ಚಕ್ರ ಗೇರನ್ನು ಉಳಿಸುತ್ತಿತ್ತು ಅನ್ನೋದೂ ನಿಜ. 24 ವೋಲ್ಟ್ ಹಾಕಿ ರಬ್ಬರೂ ಕಟ್ಟಿದರೆ ಆ ಡಬ್ಬಿಗೆ ನಿಮ್ಮದೂ ಸೇರುತ್ತದೆ.

ಅಂಗಡಿಯ ಕೆಲಸದಲ್ಲಿ ಇಷ್ಟವಾಗದ್ದು ಒಂದೇ. ಚಾರ್ಜಿಂಗ್ ಪಿನ್ ಹಳೆಯದನ್ನೇ ಬಿಟ್ಟಿದ್ದರು. ಸೀಸದ ಬ್ಯಾಟರಿಯ ಚಾರ್ಜರ್ ಕೂಡ ಅದಕ್ಕೆ ಸರಿಯಾಗಿ ಕೂರುತ್ತದೆ, ಮನೆಯಲ್ಲಿ ಅಜ್ಜಿ ತಾತ ಯಾರಾದರೂ ಗೊತ್ತಿಲ್ಲದೆ ಹಾಕಿಬಿಡಬಹುದು. ಕೇಳಿದ ಮೇಲೆ ಬೇರೆ ಆಕಾರದ ಪಿನ್ ಹಾಕಿಕೊಟ್ಟರು, ದುಡ್ಡು ಕೇಳಲಿಲ್ಲ. ಡ್ಯಾಶ್‌ಬೋರ್ಡಿನ ವೋಲ್ಟ್ ಮೀಟರನ್ನೂ ಇನ್ನು ನಂಬಬೇಡಿ. ಈ ಬ್ಯಾಟರಿ ಕೊನೇವರೆಗೂ ಹೆಚ್ಚುಕಮ್ಮಿ ಒಂದೇ ವೋಲ್ಟೇಜ್ ತೋರಿಸಿ, ಆಮೇಲೆ ಒಮ್ಮೆಲೇ ಕೈ ಕೊಡುತ್ತದೆ.

ಇನ್ನೊಂದು. 2021ರ ಜನವರಿಯಿಂದ ನಮ್ಮಲ್ಲಿ ಆಟದ ಸಾಮಾನಿಗೆ ಐಎಸ್‌ಐ ಗುರುತು ಕಡ್ಡಾಯ. ಆ ಪರೀಕ್ಷೆ ಆಗಿದ್ದು ಕಂಪನಿ ಕೊಟ್ಟ ರೂಪದ ಗಾಡಿಗೆ. ಬಿಚ್ಚಿ ಬದಲಾಯಿಸಿದ ಮೇಲೆ ಹೊಣೆ ನಿಮ್ಮದೇ, ವಾರಂಟಿಯನ್ನೂ ಮರೆತುಬಿಡಿ.

ಹೋಗುವವರು ಇಡೀ ಗಾಡಿ ಹೊತ್ತುಕೊಂಡು ಹೋಗಬೇಡಿ, ಅಲ್ಲಿ ನಿಲ್ಲಿಸೋಕೆ ಜಾಗ ಸಿಗಲ್ಲ. ಬ್ಯಾಟರಿ, ಬೋರ್ಡ್, ಒಂದು ಗೇರ್‌ಬಾಕ್ಸ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು ನಡೆಯಿರಿ. ಬಿಚ್ಚುವ ಮೊದಲು ವೈರುಗಳ ಫೋಟೋ ತೆಗೆದಿರಲಿ, ಬ್ಯಾಟರಿ ಕೂರುವ ಜಾಗದ ಉದ್ದ ಅಗಲ ಎತ್ತರ ಬರೆದುಕೊಂಡಿರಿ. ಭಾನುವಾರ ಬೇಡ, ಅವತ್ತು ಅಲ್ಲಿ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ.